ನರಸಮ್ಮನ ಮನೆಯಲ್ಲಿರುವ ಮಗು

ವಿಜಯನಗರ, ಬೆಂಗಳೂರು
5-10-1986, ಭಾನುವಾರ

ಪ್ರೀತಿಯ ಇಂದ್ರಾಣಿ,

ನಿನ್ನ ಅತ್ತೆ ಬರೆಯುತ್ತಿದ್ದೇನೆ. ಕೈಬರಹ ಗುರುತು ಹಿಡಿದು ಹರಿದುಹಾಕಬೇಡ, ಕೊನೆಯವರೆಗೂ ಓದು. ಚನ್ನಪಟ್ಟಣದಲ್ಲಿ ನಿಮ್ಮ ತಂದೆಯವರ ಕೆಮ್ಮು ಕಡಿಮೆಯಾಯಿತೇ? ಕೋರ್ಟಿನಲ್ಲಿ ನೋಡಿದಾಗ ನೀನು ತುಂಬ ಸೊರಗಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮಂಡಿನೋವು ಹಾಗೆಯೇ ಇದೆ, ಉಳಿದಂತೆ ಓಡಾಡಿಕೊಂಡಿದ್ದೇನೆ.

ಹೋದ ತಿಂಗಳು ಹೈಕೋರ್ಟಿನ ಆದೇಶ ಹಿಡಿದು ಪೊಲೀಸಿನವರ ಜೊತೆ ನೀನು ಮನೆಗೆ ಬಂದೆ. ಮಗುವನ್ನು ಕೂಡಲೇ ತಾಯಿಗೆ ಒಪ್ಪಿಸಬೇಕು ಎಂದು ಇನ್ಸ್‌ಪೆಕ್ಟರು ಬಾಗಿಲಲ್ಲೇ ಓದಿ ಹೇಳಿದರು. ನನ್ನ ಮಗ ಪದ್ಮನಾಭ ಬಾಗಿಲಿನಿಂದ ಹಿಂದೆ ಸರಿದ. ನಾನೇ ಮುಂದೆ ಬಂದು, "ಮಗು ಇಲ್ಲಿಲ್ಲ ಸಾರ್, ಎಲ್ಲಿದೆಯೋ ನಮಗೂ ಗೊತ್ತಿಲ್ಲ" ಅಂದೆ. ನೀನು ಗೇಟಿನ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದೆ. ಬೈಯಲಿಲ್ಲ, ಅಳಲಿಲ್ಲ. "ಅತ್ತೆ, ಅವಳಿಗೆ ಹಲ್ಲುನೋವಿತ್ತು, ವಾಸಿಯಾಯ್ತಾ?" ಅಂತ ಮಾತ್ರ ಕೇಳಿದೆ. ಉತ್ತರ ಕೊಟ್ಟರೆ ಸಿಕ್ಕಿಬೀಳುತ್ತೇನೆಂದು ನಾನು ಒಳಗೆ ಹೋಗಿಬಿಟ್ಟೆ. ಹಲ್ಲು ವಾಸಿಯಾಗಿದೆ ಕಣಮ್ಮ.

ಎರಡು ದಿನಕ್ಕೆಂದು ಹೇಳಿ ಪದ್ಮನಾಭ ನಿನ್ನ ಹತ್ತಿರದಿಂದ ಕರೆತಂದ ಪೂರ್ಣಿಮಾ ಜೂನ್‌ನಿಂದಲೂ ಕೆಂಗೇರಿಯಲ್ಲಿ, ನನ್ನ ತಂಗಿ ನರಸಮ್ಮನ ಮನೆಯಲ್ಲಿದ್ದಾಳೆ. ರೈಲ್ವೆ ಸ್ಟೇಷನ್ ದಾಟಿದರೆ ಸೌದೆ ಡಿಪೋ, ಅದರ ಪಕ್ಕದ ಹೆಂಚಿನ ಮನೆ. ನೀನು ಕೋರ್ಟಿಗೆ ಬರುವಾಗಲೆಲ್ಲ ನಿನ್ನ ರೈಲು ಆ ಮನೆಯ ಹಿಂದೆಯೇ ಹಾದುಹೋಗಿದೆ. ಪದ್ಮನಾಭ ನಾಯಂಡಹಳ್ಳಿಯ ವರ್ಕ್‌ಶಾಪಿಗೆ ರಜೆ ಇರುವ ದಿನ ಹೋಗಿ, ಮಗುವಿಗೆ ತಲೆ ಬಾಚಿ, ತಿಂಡಿ ತಿನ್ನಿಸಿ ಬರುತ್ತಾನೆ. ಮಗುವೆಂದರೆ ಅವನಿಗೆ ಪ್ರಾಣ, ಅದನ್ನು ಇಲ್ಲವೆನ್ನಲಾರೆ. ಆದರೆ ಅವನು ನಿನ್ನ ಮೇಲೆ ಕೈಮಾಡಿದ ದಿನಗಳಲ್ಲಿ ನಾನು ಅಡುಗೆಮನೆಯಲ್ಲೇ ಇದ್ದೆ. ಒಂದು ಸಲವೂ ಹೊರಗೆ ಬಂದು ಬಿಡಿಸಲಿಲ್ಲ. ನೀನು ಮನೆ ಬಿಟ್ಟ ಮೇಲೆ ನೆರೆಯವರ ಮುಂದೆ ನಿನ್ನದೇ ತಪ್ಪೆಂದೆ.

ಈಗ ಅವನು, "ದಸರಾ ಆದ್ಮೇಲೆ ಮಗೂನ ಗಡಿಯಾಚೆ ಹೊಸೂರಿಗೆ ಕಳಿಸಿಬಿಡ್ತೀನಿ ಕಣಮ್ಮ, ಅಲ್ಲಿ ಇವರ ಕೋರ್ಟು ನಡೆಯಲ್ಲ" ಅನ್ನುತ್ತಿದ್ದಾನೆ. ಹೋದರೆ ಮಗು ನಿನಗೂ ನನಗೂ ಸಿಗುವುದಿಲ್ಲ. ಈ ಕಾಗದ ತಲುಪಿದ ದಿನವೇ ನಿನ್ನ ವಕೀಲರಾದ ಗುರುಬಸಪ್ಪನವರಿಗೆ ತಿಳಿಸು. ಗುರುವಾರ ಬೆಳಿಗ್ಗೆ ಆದೇಶ ಹಿಡಿದು ಪೊಲೀಸಿನವರನ್ನು ಕರೆದುಕೊಂಡು ನೇರ ಕೆಂಗೇರಿಗೆ ಬಾ. ಆ ಹೊತ್ತಿಗೆ ಅವನು ಕೆಲಸದಲ್ಲಿರುತ್ತಾನೆ. ನಾನು ಬುಧವಾರವೇ ಅಲ್ಲಿಗೆ ಹೋಗಿರುತ್ತೇನೆ. ಹೇಳಿದ್ದು ಯಾರೆಂದು ಅವನು ಕೇಳಿದರೆ ನಾನೇ ಎನ್ನುತ್ತೇನೆ. ಆಮೇಲೆ ಅವನು ನನ್ನನ್ನು ಮನೆಯಲ್ಲಿ ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಹರಸುವ ಯೋಗ್ಯತೆ ನನಗಿಲ್ಲ, ಆದರೂ ನೀನೂ ಮಗುವೂ ನೂರು ಕಾಲ ಒಟ್ಟಿಗೆ ಬಾಳಿ.

ಇತಿ,
ಗಂಗಲಕ್ಷ್ಮಮ್ಮ

ವಿ.ಸೂ.: ಇದನ್ನು ಬರೆಯಬಾರದೆಂದಿದ್ದೆ, ಬರೆಯದೆ ಕಳಿಸಲು ಆಗುತ್ತಿಲ್ಲ. ಜೂನ್‌ನಲ್ಲಿ ಮಗು ಅಮ್ಮಾ ಅಮ್ಮಾ ಎಂದು ಅತ್ತು ಮೂರು ದಿನ ಊಟ ಬಿಟ್ಟಿತು. ಅಳು ನಿಲ್ಲಲೆಂದು, ಅಮ್ಮ ಸತ್ತುಹೋದಳು ಅಂತ ಹೇಳಿಬಿಟ್ಟೆ. ಪದ್ಮನಾಭ ಅಲ್ಲ, ನರಸಮ್ಮ ಅಲ್ಲ, ನಾನೇ ಹೇಳಿದ್ದು. ಮೊನ್ನೆ ಮಹಾಲಯ ಅಮಾವಾಸ್ಯೆಯ ದಿನ ನರಸಮ್ಮ ತೀರಿಹೋದ ತನ್ನ ಗಂಡನಿಗೆ ಎಡೆ ಇಡುತ್ತಿದ್ದಳು. ಪೂರ್ಣಿಮಾ ಬಂದು ನನ್ನ ಸೆರಗು ಹಿಡಿದು, "ಅಜ್ಜಿ, ಅಮ್ಮಂಗೂ ಒಂದು ಎಲೆ ಹಾಕು" ಅಂದಳು. ಬೇಡವೆಂದರೂ ಕೇಳಲಿಲ್ಲ. ಹಾಕಿದೆ, ಇಂದ್ರಾಣಿ. ಬದುಕಿರುವ ನಿನಗೆ ಎಲೆ ಹಾಕಿ ಅನ್ನ ಬಡಿಸಿದೆ. ಮಗು ಕೈಮುಗಿಯಿತು. ಗುರುವಾರ ಬಂದಾಗ ಒಮ್ಮೆಲೇ ಒಳಗೆ ಬರಬೇಡ, ಹೆದರಿಕೊಂಡೀತು. ಅಜ್ಜಿ ಸುಳ್ಳು ಹೇಳಿದ್ದಳು ಅಂತ ನಾನು ಅದಕ್ಕೆ ತಿಳಿಸಿ ಹೇಳುವವರೆಗೆ ಅಂಗಳದಲ್ಲೇ ನಿಂತಿರು.