ಸಿಡಿ ಹಾಳಾಗಿಲ್ಲ

ಡೊಂಬಿವಲಿ,
ಜುಲೈ 2008

ಪ್ರೀತಿಯ ಜಯಲತಕ್ಕ,

ಇದರ ಜೊತೆ ಇಟ್ಟಿರುವುದು ಭಾನುವಾರ ಕನ್ನಡ ಸಂಘದ ಸಂಗೀತ ಕೂಟದಲ್ಲಿ ನಾನು ಹಾಕಿದ ಅದೇ ಸಿಡಿ. ರಿಪೇರಿ ಮಾಡಿಸಿದ್ದಲ್ಲ. ಅದು ಹಾಳಾಗಿರಲೇ ಇಲ್ಲ.

ಈ ತಿಂಗಳು ಸಂಗೀತ ಕೇಳಿಸುವ ಸರದಿ ನನ್ನದಾಗಿತ್ತಲ್ಲ. ಬೇರೆ ಬೇರೆ ದೇಶದವರ ಪ್ರಯೋಗದ ಸಂಗೀತ ಒಂದೇ ಸಿಡಿಯಲ್ಲಿದೆ, 'ಧೈರ್ಯ ಇದ್ದವರು ಬನ್ನಿ' ಅಂತ ನೋಟಿಸ್ ಬೋರ್ಡಿನಲ್ಲಿ ಬರೆದವನೂ ನಾನೇ. ಆದರೆ ಬರೀ ಗುಂಯ್ ಅನ್ನುವ ಸದ್ದು ಶುರುವಾಗಿ, ಕಾರ್ಯದರ್ಶಿ ಉಪಾಧ್ಯರು ಎದ್ದು ಸ್ಪೀಕರಿಗೆ ಬಡಿದು, "ಎಂತ ಮಾರಾಯ, ಸಿಡಿ ಹಾಳಾಗಿದಾ?" ಅಂದಾಗ ಎಲ್ಲರೂ ನಕ್ಕರು. "ಹೌದು ಸರ್, ಹಾಳಾಗಿದೆ" ಅಂದುಬಿಟ್ಟೆ. ಅವರು ಭಾವಗೀತೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಚಹಾ ಕುಡಿಯುವಾಗ ನೀವು ಬಂದು ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. "ದಿವಾ ಸ್ಟೇಷನ್ ಹತ್ತಿರ ಸಿಗ್ನಲ್ ಸಿಗದೆ ಲೋಕಲ್ ಟ್ರೈನ್ ನಿಂತಾಗ ಹೀಗೇ ಕೇಳುತ್ತದೆ. ಮುಂದೆ ಎಂತ ಬರ್ತದೋ ಅಂತ ಕಾಯ್ತಾ ಇದ್ದೆ. ಸರಿ ಮಾಡಿಸಿ ಕೊಡು, ಆಯ್ತಾ?" ನಾನು ತಲೆಯಾಡಿಸಿದೆ. ನಿಮ್ಮ ಹತ್ತಿರವೂ ಸುಳ್ಳು ಹೇಳಿದ ಹಾಗಾಯ್ತು.

ಮೂರನೇ ಟ್ರ್ಯಾಕಿನಲ್ಲಿ ಕರಕರ ಬರುತ್ತದೆ. ಅದು ಇರುವುದೇ ಹಾಗೆ, ಪ್ಲೇಯರಿಗೆ ಬಡಿಯಬೇಡಿ. ಐದನೆಯದನ್ನು ಅಡುಗೆಮನೆಯ ಕಿಟಕಿ ತೆರೆದಿಟ್ಟು, ಹೊರಗಿನ ಸದ್ದಿನ ಜೊತೆಗೇ ಕೇಳಿ. ಹಿಡಿಸದಿದ್ದರೆ ಬೈಯಿರಿ.

ಉಪಾಧ್ಯರಿಗೆ ನೀವು ಏನೂ ಹೇಳಬೇಡಿ. ಮುಂದಿನ ಕೂಟದಲ್ಲಿ ನಾನೇ ಎದ್ದು ಹೇಳಿ, ಇದನ್ನೇ ಮತ್ತೆ ಹಾಕುತ್ತೇನೆ. ಬರುವಾಗ ಸಿಡಿ ಮರೆಯದೆ ತನ್ನಿ, ನನ್ನ ಹತ್ತಿರ ಇನ್ನೊಂದಿಲ್ಲ. ನೀವು ಎದುರಿನ ಸಾಲಿನಲ್ಲೇ ಕೂರಬೇಕು. ಧೈರ್ಯ ಇದ್ದವರು ಒಬ್ಬರಾದರೂ ನನ್ನ ಕಣ್ಣಿಗೆ ಬೀಳಲಿ.

ನಿಮ್ಮ
ರಂಜನ್