ಪೀರಮ್ಮನ ಮೈಮೇಲೆ ಬರುತ್ತಿದ್ದವಳು

ಜಹೀರಾಬಾದ್
14 ನವೆಂಬರ್ 2025, ಶುಕ್ರವಾರ

ಬದುಕಿರುವ ನನ್ನ ಅಕ್ಕ ಸುಜಾತಾಳಿಗೆ, ತಂಗಿ ಜಗದೇವಿಯ ಶರಣು.

‘ಬದುಕಿರುವ’ ಎಂದು ಬರೆಯುವ ಹೊತ್ತಿಗೆ ಮೂರು ಹಾಳೆ ಹರಿದೆ. ಪೀರಮ್ಮ ನಿನ್ನ ಫೋನ್ ನಂಬರನ್ನೂ ಕೊಟ್ಟಿದ್ದಾಳೆ. ಎರಡು ಸಲ ಒತ್ತಿ, ನೀನು ಎತ್ತುವ ಮೊದಲೇ ಕತ್ತರಿಸಿದೆ. ಫೋನಿನಲ್ಲಾದರೆ ನೀನು ನಡುವೆ ‘ಇರಲಿ ಬಿಡು’ ಅಂದುಬಿಡುತ್ತೀ. ಇರಲಿ ಬಿಡು ಅನ್ನುವಂಥದ್ದಲ್ಲ ಇದು. ಅದಕ್ಕೇ ಕಾಗದ.

ಅಪ್ಪ ಹೋಗಿ ಮೂರು ತಿಂಗಳಾಯಿತು. ನಾರಾಯಣಖೇಡದ ಮನೆಯಲ್ಲಿ ಅವನ ಟ್ರಂಕು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪಂಚಾಂಗಗಳ ಕೆಳಗೆ, ರುಮಾಲಿನಲ್ಲಿ ಸುತ್ತಿಟ್ಟ ನಿನ್ನ ಬೆಳ್ಳಿ ಕರಡಿಗೆ ಸಿಕ್ಕಿತು. ಅಂಚಿನ ಮೇಲೆ ನಿನ್ನ ಹಲ್ಲಿನ ಗುರುತು ಹಾಗೇ ಇದೆ. ಲೆಕ್ಕ ಬಾರದಾಗ ಅದನ್ನು ಕಚ್ಚುತ್ತಿದ್ದೆ, ಅವ್ವ ಬೈಯುತ್ತಿದ್ದಳು. ಒಳಗೆ ನೀನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಲಿಂಗ.

1991ರಲ್ಲಿ ಅಪ್ಪ ಮನೆಗೆ ಬಂದು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ: ಸುಜಾತಾ ಮಂಜೀರಾ ನದಿಗೆ ಬಿದ್ದಳು, ಹೆಣ ಕೆಟ್ಟಿತ್ತು, ಸಿರ್ಗಾಪುರದ ಹೊಲದಲ್ಲೇ ಮಣ್ಣು ಮಾಡಿ ಬಂದೆ. ಜ್ವರದಲ್ಲೂ ಪೂಜೆ ಬಿಡದಿದ್ದ ಮನುಷ್ಯ, ಅಂಗೈಯಲ್ಲಿ ಲಿಂಗ ಇಡದೆ ಮಗಳಿಗೆ ಮಣ್ಣು ಕೊಡುತ್ತಾನೆಯೇ? ಕೊಡುವುದಿಲ್ಲ. ಹಾಗಾದರೆ ಮಣ್ಣೇ ಕೊಟ್ಟಿಲ್ಲ. ವರ್ಷ ವರ್ಷ ನಾವು ಹೂ ಏರಿಸಿದ ಆ ದಿಬ್ಬದ ಕೆಳಗೆ ಏನಿದೆಯೋ, ನಾನು ಅಗೆದು ನೋಡಿಲ್ಲ, ನೋಡುವುದೂ ಇಲ್ಲ. ನೀನಂತೂ ಇಲ್ಲ.

ಆಮೇಲೆ ನನ್ನ ಹಳೆಯ ನೋಟುಬುಕ್ಕು ಹುಡುಕಿದೆ.

ಅಮಾವಾಸ್ಯೆಗೊಮ್ಮೆ ಅವ್ವ ನನ್ನನ್ನು ಜೀಪಿನಲ್ಲಿ ನ್ಯಾಲ್ಕಲ್ ಹತ್ತಿರದ ಪೀರಮ್ಮನ ಹಟ್ಟಿಗೆ ಕರೆದೊಯ್ಯುತ್ತಿದ್ದಳು. ಸತ್ತವರು ಆಕೆಯ ಮೈಮೇಲೆ ಬಂದು ಮಾತಾಡುತ್ತಾರೆ ಎಂದು ಸುತ್ತಲಿನ ಹಳ್ಳಿಯ ಜನ ನಂಬಿದ್ದರು. ಹಣೆತುಂಬ ಅರಿಸಿನದ ಭಂಡಾರ ಬಳಿದುಕೊಂಡು, ಕಂಬಳಿ ಇಳಿಬಿಟ್ಟ ಬಾಗಿಲಿಗೆ ಬೆನ್ನು ಕೊಟ್ಟು ಕೂತು ನಡುಗುತ್ತಿದ್ದಳು. ಆಗ ನೀನು ಬರುತ್ತಿದ್ದೆ. ನೀನು ಹೇಳಿದ್ದನ್ನೆಲ್ಲ ನಾನು ಬರೆದುಕೊಳ್ಳಬೇಕು. ಓದಲು ಬಾರದ ಅವ್ವ ಅದನ್ನು ಮುಂದಿನ ಅಮಾವಾಸ್ಯೆಯ ತನಕ ನನ್ನಿಂದ ಓದಿಸಿಕೊಂಡು ಕೇಳುತ್ತಿದ್ದಳು.

1993ರ ಒಂದು ಪುಟ ಹೀಗಿದೆ. ಅಕ್ಕ ಕೇಳಿದ್ದು: “ಕೂಸಿಗೆ ಹೊಟ್ಟಿ ಉಬ್ಬಿದ್ರ ಏನ್ ಕೊಡಬೇಕವ್ವಾ?” ಅವ್ವ ಹೇಳಿದ್ದು: “ಬಜಿ ಬೇರು ತೇದು ನೆಕ್ಕಸು.” ಅಕ್ಕ ಕೇಳಿದ್ದು: “ಎಷ್ಟು ಸುತ್ತು?” ಅವ್ವ ಹೇಳಿದ್ದು: “ಎರಡ ಸುತ್ತು. ಜಾಸ್ತಿ ತೇಯಬ್ಯಾಡ.”

ಸತ್ತವಳಿಗೆ ಕೂಸೆಲ್ಲಿಯದು? ಬರೆದುಕೊಂಡಾಗ ನನಗೆ ಹದಿನಾರು. ಸೋಗು ಹಾಕಲೂ ಬಾರದ ಪೆದ್ದಿ ಎಂದು ಪೀರಮ್ಮನ ಮೇಲೆ ಒಳಗೊಳಗೇ ನಕ್ಕಿದ್ದೆ. ಈಗ ಅದೇ ಸಾಲಿನ ಕೆಳಗೆ ಗೆರೆ ಎಳೆದೆ.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. 1999ರಲ್ಲಿ ನಾನು ಎಂ.ಎ. ಓದುತ್ತಿದ್ದೆ. ಅವ್ವನ ದುಃಖವನ್ನು ಯಾರೋ ಆಡಿಸುತ್ತಿದ್ದಾರೆ ಎಂದು ಸಿಟ್ಟು ಬಂದು, ಈ ನೋಟುಬುಕ್ಕನ್ನೇ ಹಿಡಿದುಕೊಂಡು ಹೋಗಿ, ಅಂಗಳದ ತುಂಬ ಜನ ಇರುವಾಗ ಕೂಗಿದೆ. “ಸತ್ತಾಕಿಗೆ ಕೂಸು ಯಾವಾಗ ಹುಟ್ತು? ಕೇಳ್ರಿ ಈ ಸುಳ್ಳಾಕಿಗೆ!” ಪೀರಮ್ಮ ನಡುಗುವುದನ್ನು ನಿಲ್ಲಿಸಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. “ಹೌದ್ರಿ, ನಾ ಸುಳ್ಳಾಕಿ. ಎಲ್ಲಾರೂ ಮನೀಗಿ ಹೋಗ್ರಿ” ಅಂದಳು. ಅಷ್ಟೇ. ಅವ್ವ ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮೊನ್ನೆ ಬುಧವಾರ ಮತ್ತೆ ಆ ಹಟ್ಟಿಗೆ ಹೋದೆ. ಪೀರಮ್ಮನಿಗೆ ಎಂಬತ್ತು ದಾಟಿದೆ, ಬಾಯಿ ಮಾತ್ರ ಮೊದಲಿನದೇ. “ಬರ್ರಿ ಮೇಡಮ್ಮನೋರ. ಇಪ್ಪತ್ತಾರು ವರ್ಷ ಆತು. ಮೊದಲ ಚಾ ಕುಡೀತೀರೋ, ಮೊದಲ ಬೈತೀರೋ?” ಅಂದಳು.

ಕರಡಿಗೆಯನ್ನು ಅವಳ ಮುಂದಿಟ್ಟು, ಅವಳ ಮೈಮೇಲೆ ಬರುತ್ತಿದ್ದವರು ಯಾರು ಎಂದು ಕೇಳಿದೆ.

“ಯಾವ ದೇವ್ರೂ ಬಂದಿಲ್ಲವ್ವಾ, ಯಾವ ದೆವ್ವಾನೂ ಬಂದಿಲ್ಲ. ನಿಮ್ಮಕ್ಕ ಬರ್ತಿದ್ಲು, ತಾಂಡೂರ ಬಸ್ಸಿನ್ಯಾಗ. ಅಮಾಸಿ ಹಿಂದಿನ ದಿನಾನೇ ಬಂದು ಏನೇನ್ ಕೇಳಬೇಕಂತ ನನಗ ಪಾಠ ಮಾಡ್ತಿದ್ಲು. ಮರುದಿನ ಆ ಕಂಬಳಿ ಹಿಂದ ಕುಂತು ನಿಮ್ಮವ್ವನ ದನಿ ಕೇಳ್ತಿದ್ಲು.”

ನಾನು ಕೂಗಿದ ದಿನವೂ ಅಕ್ಕ ಕಂಬಳಿಯ ಹಿಂದೆ ಇದ್ದಳೇ ಎಂದು ಕೇಳಿದೆ. ಇದ್ದಳು ಅಂದಳು. ಆ ಕೂಸು ಆಗ ಆರು ವರ್ಷದ್ದಾಗಿ, ಬಾಯಿಗೆ ನಿನ್ನ ಕೈ ಒತ್ತಿಸಿಕೊಂಡು ಪಕ್ಕದಲ್ಲೇ ಕೂತಿತ್ತಂತೆ.

ಅಕ್ಕಾ, ನಾನು ದಿನವೂ ಕವಿತೆ ಓದುವವಳು. ಒಬ್ಬರ ಬಾಯಿಂದ ಇನ್ನೊಬ್ಬರು ಮಾತಾಡುತ್ತಾರೆ ಎಂಬುದನ್ನು ಕಾಗದದ ಮೇಲೆ ಒಪ್ಪಿಕೊಳ್ಳುತ್ತಿದ್ದೆ, ಎದುರಿಗೆ ಕಂಡಾಗ ಒಪ್ಪಲಿಲ್ಲ. ನಿನ್ನನ್ನು ಬಿಟ್ಟುಕೊಡಬಾರದೆಂದು ಪೀರಮ್ಮ ಹತ್ತು ಜನರ ಮುಂದೆ ಸುಳ್ಳಿ ಎನ್ನಿಸಿಕೊಂಡಳು. ನನಗೆ ಕ್ಷಮೆ ಬೇಡ. ಕ್ಷಮಿಸಿದರೆ ಅಲ್ಲಿಗೇ ಮುಗಿಯುತ್ತದೆ. ನನಗೆ ಮುಗಿಸುವುದು ಬೇಕಿಲ್ಲ.

ಆದ್ದರಿಂದ ಕೇಳು. ಬರುವ ಸೋಮವಾರ ಅವ್ವನನ್ನು ಕರೆದುಕೊಂಡು ತಾಂಡೂರಿಗೆ ಬರುತ್ತೇನೆ. ಕಾಶಿನಾಥಣ್ಣನಿಗೆ ತಿಳಿಸಿದೆ. ಅವನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತಂತೆ. “ಸತ್ತಾಕಿ ಸತ್ತಂಗೇ ಇರ್ಲಿ. ನನ್ನ ಮಗಳ ಮದಿವಿ ಮಾತು ನಡದಾವ. ಕುರಿ ಕಾಯೋರ ಮನೀಗಿ ಹೋದಾಕೀನ ಈಗ ಎಬ್ಬಿಸಿ ತರಬ್ಯಾಡ” ಅಂದ. “ತರಾಂಗಿಲ್ಲೋ ಅಣ್ಣಾ, ನಾವೇ ಹೋಗ್ತೀವಿ. ಬರಾದಿದ್ರ ಹೇಳು, ನಿನಗೂ ಒಂದ್ ಸೀಟು ಹಿಡೀತೀನಿ” ಅಂದೆ. ಹೋದರೆ ತನ್ನ ಮನೆ ಬಾಗಿಲು ಇಬ್ಬರಿಗೂ ಮುಚ್ಚಿತು ಎಂದುಕೋ ಅಂದ. ಮುಚ್ಚಲಿ. ಬಾಗಿಲು ಮುಚ್ಚಿದರೆ ಯಾರೂ ಸಾಯುವುದಿಲ್ಲ, ನೀನೇ ಸಾಕ್ಷಿ.

ಕರಡಿಗೆ ತರುತ್ತಿದ್ದೇನೆ. ಕಟ್ಟಿಕೊಳ್ಳುವುದು, ಬಿಡುವುದು ನಿನಗೆ ಬಿಟ್ಟದ್ದು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳಿನಲ್ಲಿ ಇಷ್ಟು ವರ್ಷ ದುಡಿದು ನಿನ್ನನ್ನು ಬದುಕಿಸಿಕೊಂಡ ಬಾಲರಾಜ ಭಾವನಿಗೆ ನನ್ನ ನಮಸ್ಕಾರ ಹೇಳು. ಭಾವ ಎಂದು ಮೊದಲ ಸಲ ಬರೆಯುತ್ತಿದ್ದೇನೆ, ಕೈ ತಡೆಯಲಿಲ್ಲ.

ಒಂದೇ ಹೆದರಿಕೆ. ಅವ್ವನಿಗೆ ಇನ್ನೂ ಹೇಳಿಲ್ಲ. ಎಪ್ಪತ್ತೆಂಟರ ಎದೆ ಈ ಸುದ್ದಿಯನ್ನು ತಾಳೀತೇ? ಸಂಜೆ ಮೆಲ್ಲಗೆ ಹೇಳುತ್ತೇನೆ. ಈ ಕಾಗದವನ್ನು ನಾಳೆ ಪೀರಮ್ಮನ ಕೈಗೇ ಕೊಡುತ್ತೇನೆ. ನಾನೇ ತಗೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ.

ಅಂದು ಕಂಬಳಿಯ ಈಚೆ ಕೂಗಿದವಳು,
ನಿನ್ನ ತಂಗಿ,
ಜಗದೇವಿ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಅವ್ವನಿಗೆ ಹೇಳಿದೆ. ತೊಗರಿಕಾಯಿ ಸುಲಿಯುತ್ತಿದ್ದ ಅವಳ ಕೈ ನಿಲ್ಲಲೇ ಇಲ್ಲ. “ಆಕಿ ಕಂಬಳಿ ಹಿಂದ ಕೆಮ್ಮತಿದ್ಲು. ಹಡದಾಕಿಗಿ ತಿಳಿಯಾಂಗಿಲ್ಲೇನ? ಆಕೀ ಮಾರಿ ನೋಡಬ್ಯಾಡ, ಆಕೀ ಕೂಡ ಮಾತಾಡಬ್ಯಾಡ ಅಂತ ನಿಮ್ಮಪ್ಪ ನನ್ನ ಕೈಲೆ ಲಿಂಗ ಮುಟ್ಟಿಸಿ ಆಣಿ ಹಾಕ್ಸಿದ್ರು. ನಾ ಮಾರಿ ನೋಡಲಿಲ್ಲ. ಮಾತಾಡಿದ್ದು ಪೀರಮ್ಮನ ಕೂಡ” ಅಂದಳು. ಹಾಗಾದರೆ ಹೋಗುವುದನ್ನು ಏಕೆ ಬಿಟ್ಟೆ ಎಂದು ಕೇಳಿದೆ. “ನೀ ಬಾಳ ಶಾಣ್ಯಾಕಿ. ಇನ್ನೊಂದ್ ಸಲ ಬಂದಿದ್ರ ಕಂಬಳಿ ಎತ್ತತಿದ್ದಿ, ಎತ್ತಿ ನಿಮ್ಮಪ್ಪಗ ಹೇಳತಿದ್ದಿ.” ಸುಲಿದ ಕಾಳನ್ನು ಮೊರಕ್ಕೆ ಸುರಿದು ಎದ್ದಳು. “ಆಣಿ ಹಾಕ್ಸಿದವ್ರೇ ಹೋದ್ರು. ಸೋಮವಾರ ಮನ್ಯಾಗ ಕಂಬಳಿ ಇಳಿಬಿಡಬ್ಯಾಡ ಅಂತ ಬರಿ ಆಕಿಗಿ.”