ಕಾಲು ಸುತ್ತು ಹಿಂದಕ್ಕೆ

ಮನೆ, ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಸೋದರತ್ತೆಯ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಕಂಬಿ ಹಿಡಿದುಕೊಂಡೇ ಇಳಿಯಿರಿ. ಪುಟ್ಟಿಯ ಕೆಮ್ಮು ಹೋಯಿತು. ಆದರೂ ಗಳಿಗೆಗೊಮ್ಮೆ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ನಿದ್ದೆ ಎಂದರೇನೆಂದೇ ಮರೆತಿದ್ದೇನೆ. "ಅವಳನ್ನ ಎಬ್ಬಿಸೋಕೇ ನೀನು ಎದ್ದಿರ್ತೀಯ" ಎಂದು ಇವರು ನಗುತ್ತಾರೆ.

ನೀವು ಹೊರಟುಹೋದ ಮೇಲೆ, ಪುಟ್ಟಿಗೆಂದು ನೀವು ಮಾಡುತ್ತಿದ್ದ ಕಬ್ಬಿಣದ ತೊಟ್ಟಿಲು ಅರ್ಧಕ್ಕೇ ನಿಂತಿತ್ತು. ಅದರ ಎಡಗಾಲಿನ ಒಂದೇ ತೂತಿಗೆ, ಬೋಲ್ಟು ಕೂರುವ ಥ್ರೆಡ್ ಕೊರೆಯುವುದು ಬಾಕಿ. ಚಿಕ್ಕಂದಿನಲ್ಲಿ ನಿಮ್ಮ ಪಕ್ಕ ಕೂತು ನೋಡಿದವಳು, ನನಗೇನು ಬಾರದೇ ಎಂಬ ಜಂಬ. ಮೊನ್ನೆ ನಿಮ್ಮ ಪೆಟ್ಟಿಗೆಯಿಂದ ಥ್ರೆಡ್ ಕೊರೆಯುವ ಉಕ್ಕಿನ ಟ್ಯಾಪು ತೆಗೆದು, ಹಿಡಿಗೆ ಸಿಕ್ಕಿಸಿ ತಿರುಗಿಸಿದೆ. "ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಉದುರ್ಲಿ ಮಗಳೇ" ಎನ್ನುತ್ತಿದ್ದಿರಲ್ಲ, ಆ ಕಾಲು ಸುತ್ತನ್ನೇ ಮರೆತೆ. ಬಿಗಿಯಾದಷ್ಟೂ ಚೆನ್ನಾಗಿ ಕೊರೆಯುತ್ತಿದೆ ಅಂದುಕೊಂಡೆ. ಟಕ್ ಎಂದಿತು. ಟ್ಯಾಪಿನ ತುದಿ ಮುರಿದು ತೂತಿನೊಳಗೇ ಉಳಿಯಿತು.

ಲೇತ್ ಅಂಗಡಿಯವರು ಬಂದು ಇಣುಕಿ, "ಡ್ರಿಲ್ಲು ಗಿಲ್ಲು ಹಾಕ್ಬೇಡಿ ತಾಯಿ, ಅದು ಡ್ರಿಲ್ಲಿಗಿಂತ ಗಟ್ಟಿ. ಹೋದ ದಾರೀಲೇ ಹಿಂದಕ್ಕೆ ಬರ್ಬೇಕು. ಕಾಲೇಜಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?" ಎಂದು ಚುಚ್ಚಿಹೋದರು. ಎರಡು ದಿನ, ಪುಟ್ಟಿ ಹಗಲು ಮಲಗಿದಾಗಲೆಲ್ಲ, ಎಣ್ಣೆ ಬಿಟ್ಟು, ಟ್ಯಾಪಿನ ಮೈಯ ಮೂರು ಸಂದುಗಳಿಗೆ ಸೈಕಲ್ ಕಡ್ಡಿಯ ಮೂರು ತುಂಡು ಇಳಿಸಿ, ಇಕ್ಕಳದಲ್ಲಿ ಒಟ್ಟಿಗೆ ಹಿಡಿದು ಆಚೀಚೆ ಅಲುಗಿಸಿದೆ. ನಿನ್ನೆ ಕೂದಲೆಳೆಯಷ್ಟು ಅಲುಗಿತು ಅನ್ನುವಷ್ಟರಲ್ಲಿ ಪುಟ್ಟಿ ಕಿರುಚಿದಳು. ಓಡಿಹೋಗಿ ಎತ್ತಿಕೊಂಡೆ. ಸುಮ್ಮನಾದಳು. ನೋಡಿದರೆ ಅವಳ ಬಿಳಿ ಅಂಗಿಯ ಮೇಲೆ ನನ್ನ ಐದೂ ಬೆರಳು, ಕಪ್ಪಗೆ.

ಅವತ್ತು ಪುಟ್ಟಿಯನ್ನು ನೋಡಲು ಬಂದವರೆಲ್ಲರ ಮುಂದೆ "ಆ ಕೊಳಕು ಕೈಯಲ್ಲಿ ಮಗೂನ ಮುಟ್ಬೇಡಿ" ಎಂದುಬಿಟ್ಟೆನಲ್ಲ ಅಪ್ಪಾ. ನೀವು ಎರಡು ಸಲ ಸೋಪು ಹಾಕಿ ತೊಳೆದೇ ಬಂದಿದ್ದಿರಿ. ಉಗುರಿನ ಸಂದಿಯ ಕಪ್ಪು ಮಾತ್ರ ನಲವತ್ತು ವರ್ಷದ್ದು. ನನ್ನನ್ನು ಓದಿಸಿದ್ದು ಆ ಕಪ್ಪೇ. ನೀವು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿರಿ. ಮರುದಿನ ಬ್ಯಾಗು ಹಿಡಿದು ಹೊರಟಾಗ ಗೇಟಿನವರೆಗೂ ಬಂದೆ. ಆಗಲೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೋದರತ್ತೆಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಜಂಬದ ಮಗಳು

ಮತ್ತೆ: ಮುರಿದ ಟ್ಯಾಪು ಇವತ್ತು ಬೆಳಿಗ್ಗೆ ಹೊರಗೆ ಬಂತು, ತೂತು ಕೆಟ್ಟಿಲ್ಲ. ಉಳಿದ ಥ್ರೆಡ್ಡನ್ನು ನಾನು ಮುಟ್ಟುವುದಿಲ್ಲ. ಪುಟ್ಟಿ ಇನ್ನೂ ನೆಲದ ಮೇಲೇ ಮಲಗುತ್ತಾಳೆ. ಬನ್ನಿ ಅಪ್ಪಾ. ಬಂದವರೇ ಮೊದಲು ಅವಳನ್ನು ಎತ್ತಿಕೊಳ್ಳಿ, ಕೈ ಆಮೇಲೆ ತೊಳೆದರಾಯಿತು.